ಸೊಂಟದ ಸುತ್ತಳತೆ

ಕಾಯಿಲೆಯಿಂದ ಎದ್ದು ಬಂದವರು ಅದರ ಬಗ್ಗೆ ಬರೆಯುವ ಹೊತ್ತಿಗೆ ಸಾಮಾನ್ಯವಾಗಿ ಎಲ್ಲರನ್ನೂ ಕ್ಷಮಿಸಿಬಿಟ್ಟಿರುತ್ತಾರೆ. ನಾನು ಕ್ಷಮಿಸಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ನಾಗಪುರದಲ್ಲಿ ಡಾಕ್ಟರು ನನಗೆ ಅಂದ ಮಾತು ಮರಾಠಿಯಲ್ಲಿತ್ತು. ಬಸ್ಸಿನಲ್ಲಿ ಗುರುತಿಲ್ಲದವರು ಅಂದದ್ದು ಹಿಂದಿಯಲ್ಲಿ. ಅವೆರಡನ್ನೂ ಹೇಗೋ ನುಂಗಿಕೊಂಡೆ. ಗಂಟಲಲ್ಲೇ ಸಿಕ್ಕಿಕೊಂಡು ಉಳಿದದ್ದು ಕನ್ನಡದಲ್ಲಿ ಆಡಿದ ಮಾತು. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇದನ್ನು ಓದಬೇಕಾದವರಿಗೆ ಕನ್ನಡ ಚೆನ್ನಾಗಿ ಬರುತ್ತದೆ.

ನನ್ನ ಅಪ್ಪ ಗದಗಿನವರು, ರೈಲ್ವೆಯಲ್ಲಿ ಗುಮಾಸ್ತರು. ನನಗೆ ಆರು ವರ್ಷವಿದ್ದಾಗ ಅವರಿಗೆ ನಾಗಪುರಕ್ಕೆ ವರ್ಗವಾಯಿತು, ಆಮೇಲೆ ನಾವು ಇಲ್ಲಿಯೇ ಉಳಿದೆವು. ಓದು ಮುಗಿದ ಮೇಲೆ ನಾನು ಹೊಲಿಗೆ ಕಲಿತು ಧರಮಪೇಠದ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ನನ್ನದು ಅಳತೆ ಮತ್ತು ಕಟಿಂಗ್. ಹೊಲಿಯುವವರು ಶಬಾನಾ ಆಪಾ, ನನಗಿಂತ ಹತ್ತು ವರ್ಷ ದೊಡ್ಡವರು. ದಿನಕ್ಕೆ ಇಪ್ಪತ್ತು ಹೆಂಗಸರ ಮೈಯನ್ನು ಟೇಪಿನಲ್ಲಿ ಅಳೆಯುವವಳಿಗೆ ತನ್ನ ಮೈಯಲ್ಲಿ ಆಗುತ್ತಿರುವುದು ಗೊತ್ತಾಗದೆ ಇರುತ್ತದೆಯೇ?

ಇಪ್ಪತ್ನಾಲ್ಕರ ವಯಸ್ಸಿನಲ್ಲಿ ನನ್ನ ಅಳತೆಗಳು ಒಂದಕ್ಕೊಂದು ಹೊಂದದೆ ಹೋದವು. ತೋಳಿನ ಸುತ್ತಳತೆ ಇದ್ದಷ್ಟೇ ಇತ್ತು. ತೊಡೆ ಇದ್ದಷ್ಟೇ ಇತ್ತು. ಸೊಂಟ ಮಾತ್ರ ಎಂಟು ತಿಂಗಳಲ್ಲಿ ಐದು ಇಂಚು ಬೆಳೆಯಿತು. ತಿಂದು ದಪ್ಪಗಾದವರನ್ನು ನಾನು ದಿನವೂ ನೋಡುತ್ತೇನೆ, ಅವರು ಎಲ್ಲ ಕಡೆಯೂ ತುಂಬಿಕೊಳ್ಳುತ್ತಾರೆ. ನನ್ನದು ಹಾಗಿರಲಿಲ್ಲ. ಬೇರೆ ಯಾರದೋ ಹೊಟ್ಟೆಯನ್ನು ತಂದು ನನ್ನ ಸಣ್ಣ ಕೈಕಾಲುಗಳ ನಡುವೆ ಕೂಡಿಸಿದ ಹಾಗಿತ್ತು. ಗದ್ದದ ಮೇಲೆ ಬಿರುಸು ಕೂದಲು ಬಂದವು. ಕತ್ತಿನ ಹಿಂಭಾಗ ಕಪ್ಪಾಯಿತು. ಮಣ್ಣಿರಬೇಕೆಂದು ಅವ್ವ ಕಡಲೆಹಿಟ್ಟು ಹಚ್ಚಿ ಚರ್ಮ ಉರಿಯುವವರೆಗೆ ತಿಕ್ಕಿದಳು. ಮುಟ್ಟು ಎರಡು ತಿಂಗಳಿಗೊಮ್ಮೆ ಆಗುತ್ತಿದ್ದದ್ದು ನಿಂತೇಹೋಯಿತು.

ನಾನು ಏನೂ ಹೇಳದೆಯೇ ಶಬಾನಾ ಆಪಾ ನನ್ನ ಕುರ್ತಾಗಳನ್ನು ಒಂದೊಂದಾಗಿ ತೆಗೆದುಕೊಂಡು, ಪಕ್ಕ ಬಿಚ್ಚಿ, ಒಳಗೆ ಬಟ್ಟೆ ಸೇರಿಸಿ ಹೊಲಿದು ಮತ್ತೆ ನನ್ನ ಮೊಳೆಗೆ ತೂಗುಹಾಕುತ್ತಿದ್ದರು. ಆ ಎರಡು ವರ್ಷಗಳಲ್ಲಿ ನನ್ನ ಹೊಟ್ಟೆಯ ಬಗ್ಗೆ ಒಂದು ಮಾತೂ ಆಡದ ಮನುಷ್ಯರು ಅವರೊಬ್ಬರೇ.

ಬಸ್ಸಿನಲ್ಲಿ ಒಬ್ಬ ಹಿರಿಯ ಹೆಂಗಸು ಎದ್ದು ನಿಂತು ನನಗೆ ಸೀಟು ಬಿಟ್ಟುಕೊಟ್ಟರು. ಎಷ್ಟನೇ ತಿಂಗಳು ಎಂದು ಪ್ರೀತಿಯಿಂದ ಕೇಳಿದರು. ನಾನು ಐದು ಎಂದು ಹೇಳಿ ಕೂತೆ. ನಿಜ ಹೇಳಿದ್ದರೆ ಅವರಿಗೂ ನಾಚಿಕೆ, ನನಗೂ ನಾಚಿಕೆ. ನಾನು ಇಳಿಯುವವರೆಗೆ ಅವರು ನನಗೆ ಏನೇನು ತಿನ್ನಬೇಕೆಂದು ಹೇಳುತ್ತಲೇ ಬಂದರು.

ಅಂಗಡಿಯ ಹಿಂದಿನ ಬೀದಿಯಲ್ಲಿ ಹೆಂಗಸರ ಡಾಕ್ಟರೊಬ್ಬರಿದ್ದರು. ಅಲ್ಲಿಗೆ ಒಬ್ಬಳೇ ಹೋದೆ. ಗೋಡೆಯ ತುಂಬ ಕೂಸುಗಳ ಚಿತ್ರ. ಕಾಯುವ ಬೆಂಚಿನ ಮೇಲೆ ಎಲ್ಲರ ಪಕ್ಕದಲ್ಲೂ ಗಂಡನೋ ಅತ್ತೆಯೋ ಇದ್ದರು. ನರ್ಸು ಚೀಟಿ ಬರೆಯುತ್ತ, ಎಲ್ಲರಿಗೂ ಕೇಳುವ ಹಾಗೆ, ಗಂಡನ ಹೆಸರು ಹೇಳಿ ಅಂದಳು. ಇಲ್ಲ ಅಂದೆ. ಅವಳು ನನ್ನ ಮುಖ ನೋಡಿ, ಆಮೇಲೆ ಹೊಟ್ಟೆ ನೋಡಿ, ಪೆನ್ನನ್ನು ಹಾಗೇ ಹಿಡಿದುಕೊಂಡಳು. ಇಡೀ ಬೆಂಚು ನನ್ನ ಕಡೆ ತಿರುಗಿತು.

ಎರಡು ಗಂಟೆ ಕಾದ ಮೇಲೆ ಡಾಕ್ಟರು ನನ್ನನ್ನು ಮೂರು ನಿಮಿಷ ನೋಡಿದರು. ನೋಡಿದರು ಅನ್ನುವುದೂ ತಪ್ಪು, ಅವರ ಕಣ್ಣು ಮೊಬೈಲಿನ ಮೇಲಿತ್ತು. ಮುಟ್ಟಲಿಲ್ಲ, ಪರೀಕ್ಷೆ ಬರೆದುಕೊಡಲಿಲ್ಲ. "ಲಗ್ನ ಕರಾ, ಮಗ ಸಗಳಂ ಠೀಕ್ ಹೋಯೀಲ್" ಎಂದರು. ಮದುವೆಯಾಗು, ಎಲ್ಲ ಸರಿಹೋಗುತ್ತದೆ ಎಂದು. ನಾನು ಏಳುವಾಗ, ಬಾಯಿ ಸ್ವಲ್ಪ ಕಟ್ಟು ಎಂದೂ ಸೇರಿಸಿದರು.

ನಾನು ಆಗ ಬೆಳಿಗ್ಗೆ ಒಂದು ಚಪಾತಿ, ಮಧ್ಯಾಹ್ನ ಎರಡು ಚಪಾತಿ ತಿನ್ನುತ್ತಿದ್ದೆ. ರಾತ್ರಿಯದನ್ನು ಆಗಲೇ ಬಿಟ್ಟಾಗಿತ್ತು, ಅಂದಿನಿಂದ ಮಧ್ಯಾಹ್ನದ್ದನ್ನೂ ಬಿಟ್ಟೆ. ಒಂದು ತಿಂಗಳಿಗೆ ಕೆನ್ನೆ ಒಳಗೆ ಹೋಯಿತು, ಕತ್ತರಿ ಹಿಡಿದ ಕೈ ನಡುಗತೊಡಗಿತು. ಸೊಂಟ ಅರ್ಧ ಇಂಚೂ ಇಳಿಯಲಿಲ್ಲ.

ಈಗ ಕಾಮಠಿ ಅತ್ತೆಯ ವಿಷಯಕ್ಕೆ ಬರುತ್ತೇನೆ. ಇವರು ನನ್ನ ಅಪ್ಪನ ತಂಗಿ. ಇವರ ಗಂಡ ಸೈನ್ಯದಲ್ಲಿದ್ದು ನಿವೃತ್ತರಾಗಿ ನಾಗಪುರದ ಪಕ್ಕದ ಕಾಮಠಿಯಲ್ಲಿ ಮನೆ ಮಾಡಿದ್ದರು. ಒಬ್ಬಳೇ ಮಗಳು, ಪಲ್ಲವಿ. ಊರಿನ ಕನ್ನಡದ ಹೆಂಗಸರಲ್ಲಿ ಅತ್ತೆಯ ಮಾತಿಗೆ ತೂಕವಿತ್ತು. ಯಾರ ಮನೆಯ ಹೆಣ್ಣಿಗೆ ಯಾವ ಗಂಡು ಎಂಬುದನ್ನು ಇವರೇ ನೋಡುತ್ತಿದ್ದರು. ನನಗೂ ಒಂದು ಸಂಬಂಧ ತಂದಿದ್ದರು. ಹುಡುಗ ಹುಬ್ಬಳ್ಳಿ ಕಡೆಯವನು, ಇಲ್ಲಿಯೇ ಸರ್ಕಾರಿ ನೌಕರಿ, ಮಾತುಕತೆ ಮುಗಿದು ದಿನ ನೋಡುವುದೊಂದು ಬಾಕಿಯಿತ್ತು.

ಆ ಸಂಕ್ರಾಂತಿಗೆ ಕನ್ನಡದವರೊಬ್ಬರ ಮನೆಯಲ್ಲಿ ಅರಿಸಿನ ಕುಂಕುಮ. ಹದಿನೈದು ಇಪ್ಪತ್ತು ಹೆಂಗಸರು ಸೇರಿದ್ದರು. ಹುಡುಗನ ತಾಯಿಯೂ ಬಂದಿದ್ದರು. ನಾನು ಬಗ್ಗಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಎದ್ದೆ. ಅತ್ತೆ ಒಂದು ಗಳಿಗೆ ನನ್ನ ಕತ್ತನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಹೊಟ್ಟೆಯ ಮೇಲೆ ಅಂಗೈ ಊರಿ, ನಗುತ್ತ, ಎಲ್ಲರಿಗೂ ಕೇಳುವಂತೆ ಅಂದರು:

"ಏನ ವಿಜ್ಜಿ, ಹೊಟ್ಟ್ಯಾಗ ಯಾರದಾರ? ಹೇಳಿಬಿಡವಾ, ಎಲ್ಲಾರೂ ನಮ್ಮವರ ಇದ್ದೀವಿ."

ಎಲ್ಲರೂ ನಕ್ಕರು. ಹುಡುಗನ ತಾಯಿ ನಗಲಿಲ್ಲ. ನಾನು ಎಳ್ಳು ಬೆಲ್ಲ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ. ಆ ಅಂಗೈಯ ಬಿಸಿ ನನಗೆ ಈಗಲೂ ನೆನಪಿದೆ.

ಎರಡು ವಾರಕ್ಕೆ ಜಾತಕ ಕೂಡಲಿಲ್ಲ ಎಂದು ಹುಡುಗನ ಕಡೆಯವರು ಹೇಳಿ ಕಳಿಸಿದರು. ಅಪ್ಪ ಅಂಗಳಕ್ಕೆ ಹೋಗಿ ತೊಳೆದ ಸ್ಕೂಟರನ್ನೇ ಮತ್ತೆ ತೊಳೆದರು. ಮರುದಿನ ನಾನು ಸ್ನಾನಕ್ಕೆ ಹೋದಾಗ, ಬಕೆಟ್ಟಿನ ಪಕ್ಕದ ಮಣೆಯ ಮೇಲೆ ಔಷಧದ ಅಂಗಡಿಯಿಂದ ತಂದ ಒಂದು ಉದ್ದನೆಯ ಡಬ್ಬಿ ಇತ್ತು. ಬಸಿರು ಇದೆಯೋ ಇಲ್ಲವೋ ಎಂದು ನೋಡುವ ಪಟ್ಟಿ. ಅವ್ವ ಇಟ್ಟಿದ್ದಳು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ನಾನು ಪರೀಕ್ಷೆ ಮಾಡಿಕೊಂಡೆ. ಒಂದೇ ಗೆರೆ, ಬಸಿರಿಲ್ಲ. ಆ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ತಂದು, ಅವ್ವ ದಿನವೂ ಚಹಾ ಸೋಸುವ ಕಟ್ಟೆಯ ಮೇಲೆ, ಅವಳ ಕಪ್ಪಿನ ಪಕ್ಕದಲ್ಲಿ ಬಿಚ್ಚಿಟ್ಟೆ. ಅವಳು ಬಂದು ನೋಡಿದಳು. ಚಹಾ ಕುದಿದು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿದರೂ ಅವಳು ಕೈ ಮುಂದೆ ಮಾಡಲಿಲ್ಲ. ನಾನು ಮಾಡಿದ್ದು ತಪ್ಪೆಂದು ನನಗೆ ಆಗ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದವರು ಒಬ್ಬ ಗಿರಾಕಿ. ವರ್ಷಕ್ಕೆ ನಾಲ್ಕೈದು ಬಾರಿ ಬರುತ್ತಿದ್ದ, ಕಡಿಮೆ ಮಾತಿನ ಮರಾಠಿ ಹೆಂಗಸು. ಡಾಕ್ಟರು ಎಂದು ಗೊತ್ತಿತ್ತು, ಯಾವುದರ ಡಾಕ್ಟರೆಂದು ಗೊತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಬಂದಿದ್ದರು. ಅವರ ಸಲ್ವಾರಿನ ಉದ್ದಕ್ಕೆ ಗುರುತು ಹಾಕಲು ನಾನು ಅವರ ಕಾಲ ಬಳಿ ಕೂತು ತಲೆ ಬಗ್ಗಿಸಿದ್ದೆ. ಮೇಲಿನಿಂದ ಅವರು ನನ್ನ ಕತ್ತನ್ನು ನೋಡುತ್ತಿದ್ದರು. ಮುಟ್ಟು ಸರಿಯಾಗಿ ಆಗುತ್ತದೆಯೇ ಎಂದು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದರು. ಏಳು ತಿಂಗಳಾಯಿತು ಅಂದೆ. ಮಂಗಳವಾರ ಆಸ್ಪತ್ರೆಗೆ ಬಾ, ತಾಯಿಯನ್ನೂ ಕರೆದುಕೊಂಡು ಬಾ ಎಂದರು.

ಅಲ್ಲಿ ಅವರು ಮೊದಲು ಮಾಡಿದ ಕೆಲಸವೆಂದರೆ ಡ್ರಾಯರಿನಿಂದ ಟೇಪು ತೆಗೆದದ್ದು. ಸೊಂಟ ಅಳೆದರು, ಕೆಳಗೆ ನಿತಂಬ ಅಳೆದರು, ಬರೆದುಕೊಂಡರು. ಊರಿನ ಹೆಂಗಸರನ್ನೆಲ್ಲ ಅಳೆದವಳನ್ನು ಆವತ್ತಿನವರೆಗೆ ಯಾರೂ ಅಳೆದಿರಲಿಲ್ಲ. ಅವರು ಟೇಪನ್ನು ಬಿಗಿಯಾಗಿ ಎಳೆಯಲಿಲ್ಲ, ಎರಡು ಬೆರಳು ಒಳಗಿಟ್ಟು ಹಿಡಿದಿದ್ದರು. ನಾನು ಅತ್ತುಬಿಟ್ಟೆ.

ರಕ್ತದ ವರದಿ ಬಂದ ಮೇಲೆ ಪಿಸಿಓಎಸ್, ಅಂಡಾಶಯದ ಹಾರ್ಮೋನಿನ ಏರುಪೇರು ಎಂದರು. ಉಳಿದ ವಿವರವನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದನ್ನು ಹೇಳಬೇಕಾದವರು ಹೇಳುತ್ತಾರೆ. ನನಗೆ ಬೇಕಾಗಿದ್ದ ಮಾತನ್ನು ಅವರು ಅವ್ವನ ಕಡೆ ತಿರುಗಿ ಹೇಳಿದರು. ಕೊಬ್ಬು ಮೈಯ ಯಾವ ಜಾಗಕ್ಕೆ ಹೋಗಿ ಕೂರಬೇಕೆಂದು ತೀರ್ಮಾನಿಸುವುದು ನಿಮ್ಮ ಮಗಳ ಬಾಯಿ ಅಲ್ಲ, ಅವಳ ಹಾರ್ಮೋನು. ಅವಳು ಉಪವಾಸ ಬಿದ್ದದ್ದಕ್ಕೆ ಕೈಕಾಲಿನ ಬಲ ಹೋಗಿದೆ, ಹೊಟ್ಟೆ ಹೋಗಿಲ್ಲ. ಇದರಲ್ಲಿ ಅವಳ ತಪ್ಪೇನೂ ಇಲ್ಲ.

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಆಮೇಲೆ ತನಗೆ ಬರುವ ಮುರುಕು ಮರಾಠಿಯಲ್ಲಿ, ನಾನು ಮಗಳ ಮೇಲೆ ಸಂಶಯಪಟ್ಟೆ, ಬಚ್ಚಲಲ್ಲಿ ಬಸಿರಿನ ಪರೀಕ್ಷೆ ಇಟ್ಟೆ ಎಂದು ಡಾಕ್ಟರಿಗೆ ಹೇಳಿದಳು. ಯಾರೂ ಕೇಳದೆ ತಾನಾಗಿಯೇ ಹೇಳಿದಳು. ಅವ್ವನ ಮೇಲಿದ್ದ ನನ್ನ ಸಿಟ್ಟು ಆ ಕೋಣೆಯಲ್ಲಿ ಮುಕ್ಕಾಲು ಭಾಗ ಇಳಿಯಿತು. ಕಾಲು ಭಾಗ ಈಗಲೂ ಇದೆ.

ಕಡೆಗೆ ಡಾಕ್ಟರು ಮನೆತನದ ಬಗ್ಗೆ ಕೇಳಿದರು. ತಂದೆಯ ಕಡೆಯಾಗಲಿ ತಾಯಿಯ ಕಡೆಯಾಗಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ, ಮಕ್ಕಳಾಗುವುದು ತಡವಾಗಿತ್ತೇ, ಮುಖದ ಮೇಲೆ ಕೂದಲು, ಕತ್ತು ಕಪ್ಪು, ಹೀಗೆ ಏನಾದರೂ. ನಾನು ಇಲ್ಲ ಅನ್ನಲು ಬಾಯಿ ತೆರೆದೆ. ಅವ್ವ ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅತ್ತೆಗೆ ಪಲ್ಲವಿ ಹುಟ್ಟಿದ್ದು ಮದುವೆಯಾಗಿ ಹನ್ನೊಂದು ವರ್ಷಕ್ಕೆ. ಪ್ರತಿ ಶನಿವಾರ ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡು ದಾರದಿಂದ ಗದ್ದದ ಕೂದಲು ತೆಗೆಸಿಕೊಳ್ಳುತ್ತಿದ್ದದ್ದು ಮನೆಮಂದಿಗೆಲ್ಲ ಗೊತ್ತಿತ್ತು. ಮೇ ತಿಂಗಳ ನಾಗಪುರದಲ್ಲಿ, ರಸ್ತೆಯ ಡಾಂಬರು ಮೆತ್ತಗಾಗುವ ಬಿಸಿಲಿನಲ್ಲಿ ಕೂಡ, ಅತ್ತೆ ಸೆರಗನ್ನು ಕತ್ತಿಗೆ ಸುತ್ತಿಕೊಂಡೇ ಇರುತ್ತಿದ್ದರು.

ಅಂದರೆ ಆ ಸಂಕ್ರಾಂತಿಯ ದಿನ ನನ್ನ ಕತ್ತನ್ನು ನೋಡಿದಾಗ ಅವರಿಗೆ ಗೊತ್ತಾಗಿತ್ತು. ಗೊತ್ತಾಗಿಯೇ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಿದ್ದರು.

ಗುಳಿಗೆ ಶುರುವಾಯಿತು. ಮೊದಲ ತಿಂಗಳು ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಅಂಗಡಿಯಲ್ಲಿ ಅಳತೆಯನ್ನು ಅರ್ಧಕ್ಕೆ ಬಿಟ್ಟು ಓಡುತ್ತಿದ್ದೆ. ಬಿಟ್ಟ ಅಳತೆಯನ್ನು ಆಪಾ ಮುಗಿಸುತ್ತಿದ್ದರು. ಬೆಳಿಗ್ಗೆ ಅಂಬಾಝರಿ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದೆ. ಬರೀ ನಡೆದರೆ ಸಾಲದು, ಭಾರ ಎತ್ತು ಎಂದು ಡಾಕ್ಟರು ಹೇಳಿದ್ದರು, ಹಾಗಾಗಿ ಅಂಗಡಿಗೆ ಬರುವ ಬಟ್ಟೆಯ ತಾನುಗಳನ್ನೆಲ್ಲ ನಾನೇ ಎತ್ತಿಡತೊಡಗಿದೆ. ಊಟ ಬಿಡಬಾರದು ಎಂಬುದು ಅವರ ಕಟ್ಟಪ್ಪಣೆ. ಎರಡು ವರ್ಷದ ಮೇಲೆ ನಾನು ಯಾರ ಮುಖವನ್ನೂ ನೋಡದೆ ಹೊಟ್ಟೆ ತುಂಬ ಉಂಡೆ.

ಏಳನೇ ವಾರ, ಯಾರದೋ ಮದುವೆಯ ಬ್ಲೌಸಿಗೆ ಒಳಬಟ್ಟೆಯ ಅಸ್ತರು ಕತ್ತರಿಸುತ್ತಿದ್ದಾಗ, ಮುಟ್ಟಾದೆ. ಆಪಾ ಅಸ್ತರಿನ ಉಳಿದ ತುಂಡಿನಲ್ಲಿ ಪ್ಯಾಡು ಸುತ್ತಿ ಕೈಗಿತ್ತರು. ಮಧ್ಯಾಹ್ನ ಸಮೋಸ ತರಿಸಿದರು, ಯಾಕೆಂದು ಗಿರಾಕಿಗಳಿಗೆ ಹೇಳಲಿಲ್ಲ.

ವರದಿಗಳನ್ನು ಫೈಲಿನಲ್ಲಿ ಹಾಕಿಕೊಂಡು ನಾನು ಹಿಂದಿನ ಬೀದಿಯ ಆ ಮೊದಲ ಡಾಕ್ಟರಲ್ಲಿಗೂ ಹೋದೆ. ಹೆಸರು ಬರೆಸಿ, ಅದೇ ಬೆಂಚಿನ ಮೇಲೆ ಕಾದು, ಒಳಗೆ ಹೋಗಿ ಫೈಲನ್ನು ಅವರ ಮೇಜಿನ ಮೇಲೆ ಬಿಚ್ಚಿಟ್ಟೆ. ಮದುವೆಯಾದರೆ ಸರಿಹೋಗುತ್ತದೆ ಎಂದು ನೀವು ಹೇಳಿದ ಕಾಯಿಲೆ ಇದು ಎಂದೆ. ವಾರಗಟ್ಟಲೆ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ ಮಾತು. ಅವರು ಎರಡು ಹಾಳೆ ತಿರುವಿ, ಅಚ್ಛಾ, ಔಷಧಿ ಸುರು ಮಾಡಿದಾರಲ್ಲ ಎಂದರು. ನನ್ನ ನೆನಪೇ ಅವರಿಗಿರಲಿಲ್ಲ. ಮರೆತವರ ಮೇಲೆ ಸೇಡು ತೀರಿಸಿಕೊಳ್ಳಲು ಆಗುವುದಿಲ್ಲ ಎಂದು ಆವತ್ತು ತಿಳಿಯಿತು. ಆ ಸಿಟ್ಟನ್ನೂ ಕಟ್ಟಿಕೊಂಡು ಬಂದು ಅತ್ತೆಯ ಪಾಲಿಗೆ ಸೇರಿಸಿದೆ.

ಮುಂದಿನ ಸಂಕ್ರಾಂತಿ ಬಂತು. ಈ ಸಲ ಬೇರೆ ಮನೆ, ಅವರೇ ಹೆಂಗಸರು. ನನ್ನ ಸೊಂಟ ಆ ಹೊತ್ತಿಗೆ ಮೂರು ಇಂಚು ಇಳಿದಿತ್ತು. ಅಲ್ಲಿಗೇ ನಿಂತಿತು, ಇವತ್ತಿಗೂ ಅಷ್ಟೇ ಇದೆ. ಅತ್ತೆ ನಡುಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಪಕ್ಕದವರಿಗೆ ಅಂದರು:

"ಹೊಟ್ಟಿ ಜರಾ ಇಳದೈತಿ ನೋಡ್ರಿ. ಹಡದು ಬಂದಳೇನ ಮತ್ತ?"

ನಾನು ಸಿದ್ಧವಾಗಿ ಹೋಗಿದ್ದೆ. ಅತ್ತೆ ಏನೂ ಅನ್ನದೆ ಇದ್ದಿದ್ದರೂ ನಾನೇ ಯಾವುದೋ ನೆಪ ಹುಡುಕುತ್ತಿದ್ದೆನೇನೋ. ನೇರ ಅವರ ಕುರ್ಚಿಯ ಹಿಂದೆ ಹೋಗಿ ನಿಂತು, ಕತ್ತಿನ ಸುತ್ತ ಇದ್ದ ಸೆರಗನ್ನು ಬಿಡಿಸಿ ಕೆಳಗೆ ಸರಿಸಿದೆ. ಕಪ್ಪು ಪಟ್ಟಿ ಕಿವಿಯಿಂದ ಕಿವಿಯವರೆಗೆ ಇತ್ತು. ನನ್ನದಕ್ಕಿಂತ ದಪ್ಪ.

"ನಾ ಹಡದಿಲ್ರಿ ಅತ್ತಿ. ನಿಮಗ ಹನ್ನೊಂದ ವರ್ಷ ಯಾವ ಬ್ಯಾನಿ ಇತ್ತೋ, ನನಗೂ ಅದ ಬ್ಯಾನಿ ಐತಿ. ನಿಮ್ಮ ಗದ್ದದ ಕೂದಲಾ, ಈ ಕಪ್ಪಾ, ಈ ಹೊಟ್ಟಿ, ಎಲ್ಲಾ ನಮ್ಮ ಮನಿತನದ್ದ. ಡಾಕ್ಟರ್ ಬರೋಬರ್ ಹೇಳ್ಯಾರ."

ಯಾರೂ ನಗಲಿಲ್ಲ. ಅತ್ತೆ ಸೆರಗಿಗಾಗಿ ಕೈ ಹಿಂದೆ ತಂದರು. ಸೆರಗು ಕೈಗೆ ಸಿಗಲಿಲ್ಲ. ನನಗೆ ಆದದ್ದು ಸಂತೋಷ. ಸುಳ್ಳು ಹೇಳುವುದಿಲ್ಲ, ಮುಟ್ಟು ಮರಳಿ ಬಂದ ದಿನಕ್ಕಿಂತ ಹೆಚ್ಚಿನ ಸಂತೋಷ.

ಅದು ಬಹಳ ಹೊತ್ತು ಉಳಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಪಲ್ಲವಿ ಎಳ್ಳುಂಡೆಯ ತಟ್ಟೆ ಹಿಡಿದು ನಿಂತಿದ್ದಳು. ಆಗ ಅವಳಿಗೆ ಹದಿನಾರು. ನಮ್ಮ ಕಡೆ ನೋಡುತ್ತಲೇ ಅವಳು ಒಂದು ಕೈಯನ್ನು ಎತ್ತಿ, ಜಡೆಯ ಕೆಳಗೆ ತೂರಿಸಿ, ತನ್ನ ಕತ್ತನ್ನು ಮುಟ್ಟಿಕೊಂಡಳು.

ಮನೆಗೆ ಬರುವಾಗ ಆಟೋದಲ್ಲಿ ಅವ್ವ, ನೀನು ಹೇಳಿದ್ದು ನಿಜ, ಸೆರಗಿಗೆ ಕೈ ಹಾಕಬಾರದಿತ್ತು ಎಂದಳು. ಅಪ್ಪ ನಾಲ್ಕು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನಾನು ಕ್ಷಮೆ ಕೇಳಲಿಲ್ಲ. ಆದರೆ ಕಟಿಂಗ್ ಮಾಡುವಾಗ, ನಡೆಯುವಾಗ, ಆ ಹುಡುಗಿ ಕತ್ತು ಮುಟ್ಟಿಕೊಂಡದ್ದು ಕಣ್ಣ ಮುಂದೆ ಬರುತ್ತಿತ್ತು. ಅವಳಿಗೆ ಅದು ಹೀಗೆ, ಆ ಮನೆಯಲ್ಲಿ, ಅಷ್ಟು ಜನರ ಎದುರಿಗೆ ತಿಳಿಯಬೇಕಾಗಿರಲಿಲ್ಲ. ಅತ್ತೆಗೆಂದು ಎಸೆದದ್ದು ಅವಳಿಗೂ ತಗುಲಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಪಲ್ಲವಿ ಒಬ್ಬಳೇ ಕಾಮಠಿಯಿಂದ ಬಸ್ ಹಿಡಿದು ನಮ್ಮ ಅಂಗಡಿಗೆ ಬಂದಳು. ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡಿದ್ದಳು. ಈ ಬಿಸಿಲಿನಲ್ಲಿ ಇಲ್ಲಿನ ಹುಡುಗಿಯರೆಲ್ಲ ಹಾಗೆಯೇ ಬರುತ್ತಾರೆ, ಆದರೆ ಅವಳು ಒಳಗೆ ಬಂದ ಮೇಲೂ ಅದನ್ನು ಬಿಚ್ಚಲಿಲ್ಲ. ಆಪಾ ನೀರು ಕೊಟ್ಟು, ತಮ್ಮ ಯಂತ್ರವನ್ನು ನಿಲ್ಲಿಸಿ ಹೊರಗೆ ಹೋದರು. ಮುಟ್ಟು ನಿಂತು ಐದು ತಿಂಗಳು, ಮಮ್ಮಿಗೆ ಹೇಳಿದರೆ ಯಾರ ಮುಂದೆಯೂ ಬಾಯಿ ಬಿಡಬೇಡ ಅಂತಾಳೆ ಎಂದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದಳು. ಆಮೇಲೆ ಕೇಳಿದಳು:

"ಅಕ್ಕಾ, ನೀ ಎಲ್ಲಾರ ಮುಂದ ಹೇಳಿದಿ. ನನಗೊಬ್ಬಾಕಿಗೆ ಯಾಕ ಹೇಳಲಿಲ್ಲ?"

ಅವಳ ಹತ್ತಿರ ಮಾತ್ರ ನಾನು ತಪ್ಪಾಯಿತು ಎಂದೆ. ಆಮೇಲೆ ಡಾಕ್ಟರಿಗೆ ಫೋನು ಮಾಡಿದೆ. ಹುಡುಗಿ ಚಿಕ್ಕವಳು, ತಾಯಿ ಬಂದು ಸಹಿ ಹಾಕಬೇಕು ಎಂದರು. ಪಲ್ಲವಿ ಮನೆಗೆ ಹೋಗಿ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಮಂಗಳವಾರ ಅತ್ತೆ ಅವಳ ಜೊತೆ ಬಂದರು.

ಆಸ್ಪತ್ರೆಯ ಕಾಯುವ ಜಾಗದಲ್ಲಿ ಸಾಲು ಕುರ್ಚಿಗಳು. ಅತ್ತೆ ಒಂದು ತುದಿಗೆ ಕೂತರು, ನಾನು ಎರಡು ಕುರ್ಚಿ ಬಿಟ್ಟು ಕೂತೆ. ಪಲ್ಲವಿ ತೂಕ ನೋಡಿಸಿಕೊಳ್ಳಲು ಹೋಗಿದ್ದಳು. ಸೆರಗು ಅತ್ತೆಯ ಕತ್ತಿನ ಸುತ್ತ ಬಿಗಿಯಾಗಿಯೇ ಇತ್ತು. ಅವರು ನನ್ನ ಕಡೆ ನೋಡದೆ ಮಾತಾಡಿದರು.

"ನಿನ್ನ ಕುತ್ತಿಗಿ ನೋಡಿದ ಕೂಡಲೇ ನನಗ ಗೊತ್ತಾಗಿತ್ತು, ವಿಜ್ಜಿ. ನನ್ನ ಅತ್ತಿಮನ್ಯಾಗ ಹನ್ನೊಂದ ವರ್ಷ ನನಗ ಏನೇನ ಅಂದಾರ ಅನ್ನೂದು ನಿಮ್ಮ ಅಪ್ಪಗೂ ಗೊತ್ತಿಲ್ಲ. ಮಂದಿ ನಿನ್ನ ನೋಡ್ತಿದ್ರ ನನ್ನ ನೋಡೂದಿಲ್ಲ ಅನಿಸ್ತು. ಅಷ್ಟ."

ಇಷ್ಟು ಕೇಳಿದರೆ ಮನಸ್ಸು ಕರಗಬೇಕು. ಸ್ವಲ್ಪ ಕರಗಿತು ಕೂಡ. ಆ ಹನ್ನೊಂದು ವರ್ಷಗಳನ್ನು ನಾನು ಊಹಿಸಬಲ್ಲೆ, ನನ್ನ ಎರಡೇ ವರ್ಷ ಸಾಕು ಅದಕ್ಕೆ. ಆದರೆ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟದ್ದು ಇಪ್ಪತ್ತು ಜನರ ಎದುರಿಗೆ. ಈಗ ಹೇಳುತ್ತಿರುವುದು ನನ್ನೊಬ್ಬಳ ಕಿವಿಗೆ.

"ಈ ಮಾತು ಅಲ್ಲಿ ಬಂದು ಹೇಳ್ರಿ ಅತ್ತಿ. ಅವರ ಮುಂದನ. ಹುಡುಗನ ತಾಯೀನೂ ಇರಲಿ."

ಅತ್ತೆ ತಲೆ ಅಲ್ಲಾಡಿಸಿದರು. "ಅದು ನನ್ನ ಕೈಲೆ ಆಗೂದಿಲ್ಲವಾ."

ಹಾಗಾದರೆ ನನ್ನ ಕೈಲೂ ಆಗುವುದಿಲ್ಲ ಎಂದು ನಾನು ಹೇಳಿದೆ. ನಮ್ಮಿಬ್ಬರ ನಡುವೆ ಆ ವಿಷಯ ಇಂದಿಗೂ ಅಲ್ಲಿಯೇ ನಿಂತಿದೆ. ಆಮೇಲೆ ಎಷ್ಟೋ ಮಂಗಳವಾರ ನಾವು ಅದೇ ಸಾಲಿನಲ್ಲಿ ಕೂತಿದ್ದೇವೆ.

ಪಲ್ಲವಿ ತೂಕದ ಚೀಟಿ ಹಿಡಿದುಕೊಂಡು ಬಂದಳು. ಅಷ್ಟರಲ್ಲಿ ನರ್ಸು ಅವಳ ಹೆಸರು ಕೂಗಿದಳು. ಅತ್ತೆ ಕೈಚೀಲ ತೆಗೆದುಕೊಂಡು ಎದ್ದರು. ನಾನೂ ಎದ್ದೆ, ಪಲ್ಲವಿಯ ಫೈಲು ನನ್ನ ಕೈಯಲ್ಲಿತ್ತು. ಪಲ್ಲವಿ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಕೈಯಿಂದ ಫೈಲು ತೆಗೆದುಕೊಂಡಳು. ಮುಖಕ್ಕೆ ಸುತ್ತಿದ್ದ ಓಢಣಿಯನ್ನು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು.

"ನೀವಿಬ್ರೂ ಹೊರಗ ಕೂಡ್ರಿ. ಡಾಕ್ಟರ್ ಕರದ್ರ ಬರ್ರಿ."

ಬಾಗಿಲು ಮುಚ್ಚಿಕೊಂಡಿತು. ನಾವಿಬ್ಬರೂ ಕೂತೆವು. ಒಳಗೆ ಮಾತು ನಡೆದಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಪಲ್ಲವಿ ಗಟ್ಟಿಯಾಗಿ ನಕ್ಕದ್ದು ಹೊರಗೆ ಕೇಳಿಸಿತು. ಅತ್ತೆ ತಿರುಗಿ ನನ್ನ ಮುಖ ನೋಡಿದರು. ನಾನು ಬಾಗಿಲನ್ನೇ ನೋಡುತ್ತ ಕೂತಿದ್ದೆ.